ನುಂಗುವ ನಾಲಗೆ, ನುಡಿಯುವ ನಾಲಗೆ

ಚೆರ್ಕಳದಿಂದ ಜಾಲ್ಸೂರಿಗೆ ಸಾಗುವ ರಸ್ತೆಯಲ್ಲಿ, ಪಯಸ್ವಿನಿ ಹೊಳೆಯ ಆಸುಪಾಸಿನಲ್ಲಿರುವ ಅಡೂರಿನಂತಹ ಗಡಿನಾಡಿನ ಗ್ರಾಮದಲ್ಲಿ ಮಗುವಿನ ನಾಲಗೆಗೆ ಬಿಡುವೆಂಬುದಿಲ್ಲ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಮರಾಟಿಯೋ ಆಡುವ ಮಗು ಶಾಲೆಯಲ್ಲಿ ಗ್ರಾಂಥಿಕ ಕನ್ನಡವನ್ನು ಓದುತ್ತದೆ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಮಲಯಾಳವನ್ನು ಕೇಳುತ್ತದೆ. ಹತ್ತು ವರ್ಷ ತುಂಬುವುದರೊಳಗೆ ಮೂರು ನಾಲ್ಕು ನುಡಿಗಳನ್ನು ಹೊರಳಿಸಬಲ್ಲ ಈ ನಾಲಗೆಯ ಬಗ್ಗೆ ಹೆತ್ತವರಿಗೆ ಹೆಮ್ಮೆಯಿರುವುದು ಸಹಜ. ಆದರೆ ಅದೇ ನಾಲಗೆ ಮಾತಿಗೆ ಮೊದಲೇ ಬೇರೆರಡು ಕೆಲಸಗಳನ್ನು ಆರಂಭಿಸಿರುತ್ತದೆಂಬುದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ನುಂಗುವುದು ಒಂದು, ಮುಖ ಮತ್ತು ದವಡೆಗಳ ರಚನೆಯಲ್ಲಿ ಪಾಲುಗೊಳ್ಳುವುದು ಇನ್ನೊಂದು.

ಇದನ್ನು ತಿಳಿದಿರಬೇಕಾದ ಅಗತ್ಯವೇನೆಂದರೆ, ನಾಲಗೆಗೆ ಸಂಬಂಧಿಸಿದ ಕೆಲವು ತೊಂದರೆಗಳಿಗೆ ಚಿಕಿತ್ಸೆಯ ಕಾಲ ನಿಗದಿಯಾಗಿದೆ. ಆ ಕಾಲ ಮೀರಿದರೆ ಸರಿಪಡಿಸುವುದು ಕಷ್ಟ. ಇನ್ನು ಕೆಲವು ತೊಂದರೆಗಳು ತಾವಾಗಿಯೇ ಸರಿಹೋಗತಕ್ಕವು. ಅವುಗಳಿಗಾಗಿ ಅವಸರಪಟ್ಟರೆ ಹಣವೂ ಮಗುವಿನ ನೆಮ್ಮದಿಯೂ ವ್ಯರ್ಥ. ಯಾವುದು ಯಾವ ಬಗೆಯದೆಂದು ಗುರುತಿಸುವ ತಿಳಿವಳಿಕೆ ಪ್ರತಿಯೊಂದು ಮನೆಯಲ್ಲಿಯೂ ಇರಬೇಕು.

ಗರ್ಭದಲ್ಲಿಯೇ ಆರಂಭ

ಮುಖದ ರಚನೆಯಲ್ಲಿ ನಾಲಗೆಯ ಪಾತ್ರ ತಾಯಿಯ ಗರ್ಭದಲ್ಲಿಯೇ ತೊಡಗುತ್ತದೆ. ಭ್ರೂಣದ ಬಾಯಿಯೊಳಗೆ ಎಡಬಲಗಳಿಂದ ಬೆಳೆದು ಬರುವ ಎರಡು ಪದರುಗಳು ಮಧ್ಯದಲ್ಲಿ ಕೂಡಿಕೊಂಡಾಗ ಅಂಗುಳ ಉಂಟಾಗುತ್ತದೆ. ಮೊದಲಿಗೆ ಆ ಪದರುಗಳ ನಡುವೆ ನಾಲಗೆ ಎತ್ತರದಲ್ಲಿ ನಿಂತಿರುತ್ತದೆ. ಎಂಟನೆಯ ವಾರದ ಸುಮಾರಿಗೆ ಕೆಳದವಡೆ ಬೆಳೆದು ನಾಲಗೆಗೆ ಕೆಳಗೆ ಜಾಗ ದೊರೆಯುತ್ತದೆ. ನಾಲಗೆ ಇಳಿದಾಗ ಪದರುಗಳು ಮೇಲೆದ್ದು ಪರಸ್ಪರ ಸೇರುತ್ತವೆ. ಹನ್ನೆರಡನೆಯ ವಾರದ ಹೊತ್ತಿಗೆ ಈ ಕಾರ್ಯ ಬಹುತೇಕ ಮುಗಿದಿರುತ್ತದೆ. ಕೆಳದವಡೆ ತೀರಾ ಚಿಕ್ಕದಾಗಿ ನಾಲಗೆ ಇಳಿಯದೆ ಉಳಿದರೆ ಅಂಗುಳ ಸೀಳಾಗಿಯೇ ಉಳಿಯಬಹುದು. ಚಿಕ್ಕ ದವಡೆ, ಹಿಂದಕ್ಕೆ ಜಾರುವ ನಾಲಗೆ, ಉಸಿರಾಟದ ಅಡಚಣೆ ಇವು ಒಟ್ಟಾಗಿ ಕಂಡುಬರುವ ಸ್ಥಿತಿಯನ್ನು ಫ್ರಾನ್ಸಿನ ವೈದ್ಯ ಪಿಯರ್ ರೊಬಾಂ 1923ರಲ್ಲಿ ವಿವರಿಸಿದನು. ಇಂದಿಗೂ ಆ ಸ್ಥಿತಿ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಸೀಳುತುಟಿ ಅಥವಾ ಸೀಳು ಅಂಗುಳ ಸುಮಾರು ಏಳುನೂರರಿಂದ ಸಾವಿರ ಶಿಶುಗಳಲ್ಲಿ ಒಂದಕ್ಕೆ ಕಂಡುಬರುತ್ತದೆ. ಇದಕ್ಕೆ ಕಾರಣಗಳು ಹಲವು. ಗ್ರಹಣಕಾಲದಲ್ಲಿ ತಾಯಿ ತರಕಾರಿ ಹೆಚ್ಚಿದ್ದರಿಂದ ಹೀಗಾಯಿತೆಂಬ ನಂಬಿಕೆಗೆ ಆಧಾರವಿಲ್ಲ. ಈಗಾಗಲೇ ನೊಂದಿರುವ ತಾಯಿಯ ಮೇಲೆ ಅದು ಮತ್ತೊಂದು ಹೊರೆಯನ್ನು ಹೊರಿಸುತ್ತದೆ, ಅಷ್ಟೆ. ತುಟಿಯ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ, ಅಂಗುಳದ ಶಸ್ತ್ರಚಿಕಿತ್ಸೆಯನ್ನು ಒಂಬತ್ತರಿಂದ ಹದಿನೆಂಟು ತಿಂಗಳೊಳಗೆ ನಡೆಸುತ್ತಾರೆ. ಮಗು ಮಾತು ಕಲಿಯುವ ಮೊದಲೇ ಅಂಗುಳ ಮುಚ್ಚಬೇಕೆಂಬುದೇ ಇದರ ಉದ್ದೇಶ. ಗಡಿನಾಡಿಗೆ ಸಮೀಪದ ದೇರಳಕಟ್ಟೆಯಲ್ಲಿ, ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ ಆಸ್ಪತ್ರೆಯ ಆವರಣದಲ್ಲಿರುವ ನಿಟ್ಟೆ ಮೀನಾಕ್ಷಿ ಸಂಸ್ಥೆಯು ಈ ಬಗೆಯ ಶಸ್ತ್ರಚಿಕಿತ್ಸೆಗೆ ಹೆಸರಾಗಿದೆ.

ಒಂದು ತುತ್ತಿನ ಪಯಣ

ಗರ್ಭನೀರನ್ನು ನುಂಗುತ್ತ ಶಿಶು ಹುಟ್ಟುವ ಮೊದಲೇ ಈ ವಿದ್ಯೆಯನ್ನು ಅಭ್ಯಾಸ ಮಾಡಿಕೊಂಡಿರುತ್ತದೆ. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರೂ ಹೊಂದಿಕೊಳ್ಳುವುದು ಗರ್ಭದ ಮೂವತ್ತನಾಲ್ಕನೆಯ ವಾರದ ಸುಮಾರಿಗೆ. ಅದಕ್ಕಿಂತ ಮೊದಲೇ ಹುಟ್ಟಿದ ಮಗುವಿಗೆ ಕೆಲಕಾಲ ನಳಿಕೆಯ ಮೂಲಕ ಹಾಲುಣಿಸಬೇಕಾಗುವುದು ಈ ಕಾರಣದಿಂದಲೇ.

ಹಲ್ಲಿಲ್ಲದ ಶಿಶು ನುಂಗುವಾಗ ನಾಲಗೆಯನ್ನು ಒಸಡುಗಳ ನಡುವೆ ಮುಂದಕ್ಕೆ ಚಾಚುತ್ತದೆ. ತುಟಿ ಮತ್ತು ಕೆನ್ನೆಗಳೂ ದುಡಿಯುತ್ತವೆ. ಹಲ್ಲು ಮೂಡಿ, ಮಗು ಅಗಿಯಲು ಕಲಿತಂತೆ ಈ ಕ್ರಮ ಬದಲಾಗುತ್ತದೆ. ಪಕ್ವವಾದ ನುಂಗುವಿಕೆಯಲ್ಲಿ ಹಲ್ಲುಗಳು ಹಗುರವಾಗಿ ಸೇರಿರುತ್ತವೆ, ತುಟಿಗಳು ನಿಶ್ಚಲವಾಗಿರುತ್ತವೆ, ನಾಲಗೆಯ ತುದಿ ಮೇಲಿನ ಮುಂಬಲ್ಲುಗಳ ಹಿಂದೆ ಅಂಗುಳಕ್ಕೆ ತಾಗಿ ನಿಲ್ಲುತ್ತದೆ. ಅಲ್ಲಿಂದ ಅಲೆಯೊಂದು ಹಿಮ್ಮುಖವಾಗಿ ಸಾಗಿ ತುತ್ತನ್ನು ಗಂಟಲಿಗೆ ದೂಡುತ್ತದೆ. ಆ ಕ್ಷಣದಲ್ಲಿ ಮೃದು ಅಂಗುಳ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ, ಧ್ವನಿಪೆಟ್ಟಿಗೆ ಮೇಲೇರಿ ಶ್ವಾಸನಾಳದ ಬಾಗಿಲು ಮುಚ್ಚುತ್ತದೆ, ಉಸಿರು ನಿಲ್ಲುತ್ತದೆ. ಇಷ್ಟೂ ನಡೆಯುವುದು ಸುಮಾರು ಒಂದು ಸೆಕೆಂಡಿನಲ್ಲಿ. ಗಂಟಲ ಮಣಿಯ ಮೇಲೆ ಬೆರಳಿಟ್ಟು ಉಗುಳು ನುಂಗಿದರೆ ಅದು ಮೇಲೇರಿ ಇಳಿಯುವುದನ್ನು ಯಾರೂ ಅನುಭವಿಸಬಹುದು. ನಾಲಗೆಯನ್ನು ಅಂಗುಳಕ್ಕೆ ತಾಗಿಸದೆ, ಬಾಯಿ ತೆರೆದಿಟ್ಟುಕೊಂಡು ನುಂಗಲು ಯತ್ನಿಸಿದರೆ ಅದೆಷ್ಟು ಕಷ್ಟವೆಂಬುದೂ ತಿಳಿಯುತ್ತದೆ. ಶಾಲೆಯ ವಿಜ್ಞಾನ ತರಗತಿಗೆ ಇದಕ್ಕಿಂತ ಅಗ್ಗದ ಪ್ರಯೋಗ ಬೇರೊಂದಿಲ್ಲ.

ಈ ಬದಲಾವಣೆ ಹೆಚ್ಚಿನ ಮಕ್ಕಳಲ್ಲಿ ಎರಡರಿಂದ ನಾಲ್ಕು ವರ್ಷಗಳೊಳಗೆ ಆಗುತ್ತದೆ. ಕೆಲವರಲ್ಲಿ ಆರು ವರ್ಷದ ವರೆಗೂ ಎಳೆಯದು. ಆದ್ದರಿಂದ ಮೂರು ವರ್ಷದ ಮಗು ನುಂಗುವಾಗ ನಾಲಗೆಯನ್ನು ಮುಂದೆ ಚಾಚಿದರೆ ಗಾಬರಿಪಡಬೇಕಾಗಿಲ್ಲ.

ಹಲ್ಲುಸಾಲಿನ ಸಮತೋಲ

ಹಲ್ಲುಗಳು ಒಳಗಿನ ನಾಲಗೆ ಮತ್ತು ಹೊರಗಿನ ತುಟಿ-ಕೆನ್ನೆಗಳ ನಡುವೆ ನಿಂತಿವೆ. ಎರಡೂ ಕಡೆಯ ಒತ್ತಡ ಹೊಂದಿಕೊಂಡಲ್ಲಿ ಅವು ನೆಲೆಗೊಳ್ಳುತ್ತವೆಂಬುದು ದಂತವೈದ್ಯರ ಹಳೆಯ ತಿಳಿವಳಿಕೆ. ನಾಲಗೆ ಚಾಚಿ ನುಂಗುವ ಮಕ್ಕಳಲ್ಲಿ ಮುಂಬಲ್ಲುಗಳು ಮುಂದೆ ಬಾಗಿರುವುದನ್ನೂ, ಮೇಲಿನ ಕೆಳಗಿನ ಹಲ್ಲುಗಳು ಕೂಡದೆ ನಡುವೆ ತೆರವಿರುವುದನ್ನೂ ಕಂಡು, ನುಂಗುವ ಅಭ್ಯಾಸವೇ ಇದಕ್ಕೆಲ್ಲ ಕಾರಣವೆಂದು ಬಹುಕಾಲ ನಂಬಲಾಗಿತ್ತು.

ಅಮೆರಿಕದ ದಂತತಜ್ಞ ವಿಲಿಯಂ ಪ್ರಾಫಿಟ್ 1978ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಈ ವಾದವನ್ನು ಮರುಪರಿಶೀಲಿಸಿದರು. ಅವರ ವಾದದ ತಿರುಳು ಲೆಕ್ಕದಷ್ಟೇ ಸರಳ. ನುಂಗುವಾಗ ನಾಲಗೆ ಹಲ್ಲುಗಳನ್ನು ಒತ್ತುವುದು ಸುಮಾರು ಒಂದು ಸೆಕೆಂಡ್. ದಿನಕ್ಕೆ ಸಾವಿರ ಬಾರಿ ನುಂಗಿದರೂ ಒಟ್ಟು ಹದಿನೇಳು ನಿಮಿಷವಾಗದು. ಹಲ್ಲು ಸರಿಯಬೇಕಾದರೆ ಒತ್ತಡ ದಿನವೂ ಹಲವು ಗಂಟೆಗಳ ಕಾಲ ಇರಬೇಕು. ಹೀಗಾಗಿ ಮುಖ್ಯವಾದುದು ನುಂಗುವ ಕ್ಷಣವಲ್ಲ. ಉಳಿದ ಹೊತ್ತಿನಲ್ಲೆಲ್ಲ, ನಿದ್ದೆಯಲ್ಲಿಯೂ ಸೇರಿ, ನಾಲಗೆ ಎಲ್ಲಿ ವಿಶ್ರಮಿಸುತ್ತದೆಂಬುದು. ಹಲ್ಲುಗಳ ನಡುವೆ ತೆರವಿದ್ದುದರಿಂದ ಅದನ್ನು ಮುಚ್ಚಲು ನಾಲಗೆ ಮುಂದೆ ಬರುವ ಸಂದರ್ಭಗಳೂ ಉಂಟು. ಅಂದರೆ ಕಾರಣವೆಂದು ಭಾವಿಸಿದ್ದು ಎಷ್ಟೋ ವೇಳೆ ಪರಿಣಾಮವೇ ಆಗಿರಬಹುದು.

ಬೆರಳು ಚೀಪುವ ಅಭ್ಯಾಸಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ನಿದ್ದೆಗೆ ಜಾರುವಾಗ ಹತ್ತು ನಿಮಿಷ ಚೀಪುವ ಮಗುವಿಗೂ ರಾತ್ರಿಯಿಡೀ ಬೆರಳನ್ನು ಬಾಯಲ್ಲಿಟ್ಟುಕೊಳ್ಳುವ ಮಗುವಿಗೂ ವ್ಯತ್ಯಾಸವಿದೆ. ಆರು ಏಳು ವರ್ಷಕ್ಕೆ ಹುಟ್ಟುವ ಶಾಶ್ವತ ಮುಂಬಲ್ಲುಗಳು ಬರುವ ಮುನ್ನ ಅಭ್ಯಾಸ ನಿಂತರೆ ಹಲ್ಲುಸಾಲು ಬಹುಮಟ್ಟಿಗೆ ತಾನಾಗಿಯೇ ಸರಿಯಾಗುತ್ತದೆ. ಬೆರಳಿಗೆ ಬೇವು ಅಥವಾ ಮೆಣಸು ಹಚ್ಚಿ ಬೈಯುವುದಕ್ಕಿಂತ, ಮಗು ಯಾವ ಹೊತ್ತಿನಲ್ಲಿ ಏತಕ್ಕಾಗಿ ಚೀಪುತ್ತದೆಂದು ಗಮನಿಸುವುದು ಮೇಲು.

ಇತ್ತೀಚೆಗೆ ಹೈಸ್ಕೂಲು ಮಕ್ಕಳಲ್ಲಿ ಮೊಬೈಲಿನಿಂದ ಹರಡಿದ ಇನ್ನೊಂದು ಗೀಳಿದೆ. ನಾಲಗೆಯನ್ನು ಅಂಗುಳಕ್ಕೆ ಬಿಗಿಯಾಗಿ ಒತ್ತಿ ಹಿಡಿದರೆ ಕೆಲವು ತಿಂಗಳಲ್ಲಿ ದವಡೆಯ ಗೆರೆ ಸಿನೆಮಾ ನಟರಂತೆ ಚೂಪಾಗುವುದೆಂಬ ಪ್ರಚಾರವದು. ಇದನ್ನು ‘ಮ್ಯೂಯಿಂಗ್’ ಎನ್ನುತ್ತಾರೆ. ಬ್ರಿಟನ್ನಿನ ದಂತತಜ್ಞ ಜಾನ್ ಮ್ಯೂ ಪ್ರತಿಪಾದಿಸಿದ ವಿಚಾರದಿಂದ ಬಂದ ಹೆಸರು ಇದು. ಬೆಳೆದ ಮುಖದ ಎಲುಬು ಇಂತಹ ಅಭ್ಯಾಸದಿಂದ ಬದಲಾಗುವುದೆಂಬುದಕ್ಕೆ ಒಪ್ಪತಕ್ಕ ವೈಜ್ಞಾನಿಕ ಆಧಾರ ದೊರೆತಿಲ್ಲ. ನಾಲಗೆ ಅಂಗುಳಕ್ಕೆ ತಾಗಿ ವಿಶ್ರಮಿಸುವುದು ಸಹಜ. ಅದನ್ನು ಬಲವಂತವಾಗಿ ಒತ್ತಿ ಹಿಡಿಯುವುದು ಚಿಕಿತ್ಸೆಯಲ್ಲ. ಹದಿನಾಲ್ಕರ ಪ್ರಾಯದಲ್ಲಿ ಕನ್ನಡಿಯ ಮುಂದೆ ಅತೃಪ್ತಿಯಿಂದ ನಿಲ್ಲುವ ಮಗುವಿಗೆ ಇದನ್ನು ಸಾವಧಾನವಾಗಿ ಹೇಳುವವರು ಬೇಕು.

ಬಾಯಿಯಿಂದ ಉಸಿರಾಡುವ ಮಗು

ನಾಲಗೆ ಅಂಗುಳಕ್ಕೆ ತಾಗಿರಬೇಕಾದರೆ ಮೂಗು ತೆರೆದಿರಬೇಕು. ಮೂಗು ಕಟ್ಟಿದಾಗ ಬಾಯಿ ತೆರೆಯುತ್ತದೆ, ನಾಲಗೆ ಕೆಳಗಿಳಿಯುತ್ತದೆ. ನಾಲ್ಕು ದಿನದ ಶೀತದಿಂದ ಏನೂ ಆಗದು. ತಿಂಗಳುಗಟ್ಟಲೆ, ವರ್ಷಗಟ್ಟಲೆ ಹೀಗೆಯೇ ಮುಂದುವರಿದರೆ ಮೇಲ್ದವಡೆ ಕಿರಿದಾಗಿ, ಅಂಗುಳ ಎತ್ತರವಾಗಿ, ಮುಖ ನೀಳವಾಗಿ ಬೆಳೆಯುವ ಸಾಧ್ಯತೆಯಿದೆ. ಎಗಿಲ್ ಹಾರ್ವೋಲ್ಡ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯದಲ್ಲಿ ಎಳೆಯ ಕೋತಿಗಳ ಮೂಗನ್ನು ಮುಚ್ಚಿ ನಡೆಸಿದ ಪ್ರಯೋಗದಲ್ಲಿ ಅವುಗಳ ಹಲ್ಲುಸಾಲು ಕೆಟ್ಟಿತು. ಆದರೆ ಎಲ್ಲವುಗಳಲ್ಲಿಯೂ ಒಂದೇ ರೀತಿಯಲ್ಲಿ ಅಲ್ಲ. ಪ್ರತಿಯೊಂದು ಪ್ರಾಣಿಯೂ ನಾಲಗೆ ಮತ್ತು ದವಡೆಯನ್ನು ತನ್ನದೇ ರೀತಿಯಲ್ಲಿ ಹೊಂದಿಸಿಕೊಂಡಿತ್ತು. ಬಾಯಿಯಿಂದ ಉಸಿರಾಡುವ ಮಕ್ಕಳೆಲ್ಲರ ಮುಖವೂ ಕೆಡುವುದೆಂದು ಹೇಳುವುದು ಹೇಗೆ ತಪ್ಪೋ, ಏನೂ ಆಗದೆಂದು ಸುಮ್ಮನಿರುವುದೂ ಹಾಗೆಯೇ ತಪ್ಪು.

ಮಳೆಗಾಲದ ಥಂಡಿ, ಗೋಡೆಯ ಬೂಷ್ಟು, ಧೂಳಿನ ಅಲರ್ಜಿ, ಮೂಗಿನ ಹಿಂಭಾಗದಲ್ಲಿ ಊದಿಕೊಳ್ಳುವ ಅಡಿನಾಯ್ಡ್ ಇವು ಮೂಗು ಕಟ್ಟಲು ಸಾಮಾನ್ಯ ಕಾರಣಗಳು. ಮಗು ರಾತ್ರಿ ಗೊರಕೆ ಹೊಡೆಯುವುದು, ನಿದ್ದೆಯಲ್ಲಿ ಉಸಿರು ನಿಂತಂತಾಗಿ ಬೆಚ್ಚುವುದು, ಬೆಳಗ್ಗೆ ದಿಂಬು ಒದ್ದೆಯಾಗಿರುವುದು, ತರಗತಿಯಲ್ಲಿ ತೂಕಡಿಸುವುದು ಇವು ಕಂಡುಬಂದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಬೇಕು. ಇಂತಹ ಮಗುವಿಗೆ ‘ಬಾಯಿ ಮುಚ್ಚಿ ಕುಳಿತುಕೋ’ ಎಂದು ಗದರುವುದರಿಂದ ಪ್ರಯೋಜನವಿಲ್ಲ. ಅದು ಮರ್ಯಾದೆಯ ಪ್ರಶ್ನೆಯಲ್ಲ, ಉಸಿರಿನ ಪ್ರಶ್ನೆ.

ತುತ್ತು ಗಟ್ಟಿಯಾಗಬೇಕಾದ ಹೊತ್ತು

ಎದೆಹಾಲು ಕುಡಿಯುವ ಮಗು ನಾಲಗೆ, ದವಡೆ, ತುಟಿಗಳನ್ನು ಒಟ್ಟಾಗಿ ದುಡಿಸುತ್ತದೆ. ಬಾಟಲಿಯ ರಬ್ಬರಿನಿಂದ ಹಾಲು ಸಲೀಸಾಗಿ ಸುರಿಯುವಾಗ ಅಷ್ಟು ದುಡಿಮೆ ಇರುವುದಿಲ್ಲ. ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಅನಂತರ ಅದರ ಜೊತೆಗೆ ಬೇರೆ ಆಹಾರ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆರನೆಯ ತಿಂಗಳಿನ ಅನ್ನಪ್ರಾಶನದ ಸಂಪ್ರದಾಯವೂ ಇದಕ್ಕೆ ಹೊಂದುತ್ತದೆ. ಭಾರತದ ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. 1992ರಲ್ಲಿ ಬಂದು 2003ರಲ್ಲಿ ತಿದ್ದುಪಡಿಯಾದ ಶಿಶು ಹಾಲು ಬದಲಿ, ಹಾಲುಣಿಸುವ ಬಾಟಲಿ ಮತ್ತು ಶಿಶು ಆಹಾರ ಕಾಯಿದೆಯು ಈ ವಸ್ತುಗಳ ಜಾಹೀರಾತನ್ನೂ, ತಾಯಂದಿರಿಗೆ ಉಚಿತ ಮಾದರಿ ಹಂಚುವುದನ್ನೂ ನಿಷೇಧಿಸಿದೆ. ವೈದ್ಯಕೀಯ ಕಾರಣದಿಂದ ಬಾಟಲಿ ಬಳಸಲೇಬೇಕಾದ ತಾಯಿಯನ್ನು ಈ ಕಾಯಿದೆ ದೂಷಿಸುವುದಿಲ್ಲ. ಮಾರುವವರ ಆಮಿಷದಿಂದ ಅವಳನ್ನು ರಕ್ಷಿಸುತ್ತದೆ.

ಕೇರಳದ ಅಂಗನವಾಡಿಗಳಿಂದ ಆರು ತಿಂಗಳಿಂದ ಮೂರು ವರ್ಷದ ವರೆಗಿನ ಮಕ್ಕಳಿಗೆ ದೊರೆಯುವ, ಕುಟುಂಬಶ್ರೀ ಘಟಕಗಳು ತಯಾರಿಸುವ ‘ಅಮೃತಂ ಪೊಡಿ’ ಪುಷ್ಟಿಕರವಾದುದು. ಆದರೆ ಎರಡು ವರ್ಷದ ಮಗುವಿಗೂ ಎಲ್ಲವನ್ನೂ ನುಣ್ಣಗೆ ಅರೆದು ಮಣ್ಣಿಯಂತೆ ಉಣಿಸುತ್ತಿದ್ದರೆ ನಾಲಗೆಗೆ ಹೊರಳಿಸುವ, ದವಡೆಗೆ ಅಗಿಯುವ ಅಭ್ಯಾಸವೇ ಆಗದು. ಎಂಟು ಒಂಬತ್ತು ತಿಂಗಳಿಂದಲೇ ಕಿವುಚಿದ ಅನ್ನ, ಬೆಂದ ತರಕಾರಿಯ ಮೃದುವಾದ ಹೋಳು, ವರ್ಷದ ಅನಂತರ ಮನೆಮಂದಿಯ ಊಟ ಹೀಗೆ ಮುಂದುವರಿಯಬೇಕು. ಅಮೆರಿಕದ ಮಾನವಶಾಸ್ತ್ರಜ್ಞ ರಾಬರ್ಟ್ ಕೊರುಚೀನಿ ಮತ್ತು ಸಂಗಡಿಗರು 1980ರ ದಶಕದಲ್ಲಿ ಚಂಡೀಗಢದ ಆಸುಪಾಸಿನ ಹಳ್ಳಿ ಮತ್ತು ಪಟ್ಟಣಗಳ ಯುವಜನರ ಹಲ್ಲುಸಾಲನ್ನು ಹೋಲಿಸಿದಾಗ, ಗಟ್ಟಿ ಆಹಾರ ಜಗಿದು ಬೆಳೆದ ಹಳ್ಳಿಯವರಲ್ಲಿ ದೋಷಗಳು ಕಡಿಮೆಯಿದ್ದವು. ಕುಚ್ಚಲಕ್ಕಿಯ ಅನ್ನ, ಹಲಸಿನ ತೊಳೆ, ತೆಂಗಿನಕಾಯಿ ಚೂರು ಇವು ಬೇಕರಿಯ ಬನ್ನಿಗಿಂತ ಒಳ್ಳೆಯ ಗುರುಗಳು. ಎಚ್ಚರಿಕೆಯೊಂದು ಮಾತ್ರ ಅಗತ್ಯ: ನಾಲ್ಕು ವರ್ಷದೊಳಗಿನ ಮಕ್ಕಳಿಗೆ ನೆಲಗಡಲೆ, ಇಡೀ ದ್ರಾಕ್ಷಿ, ಗಟ್ಟಿ ತೆಂಗಿನ ಚೂರು ಕೊಡಬಾರದು, ಉಸಿರುನಾಳಕ್ಕೆ ಸಿಲುಕುವ ಅಪಾಯವಿದೆ.

ನಾಲಗೆ ಬೇಗ ತಿರುಗಲೆಂದು ಎಳೆಯ ಮಗುವಿನ ನಾಲಗೆಗೆ ಬಜೆ ತೇದು ಜೇನಿನೊಂದಿಗೆ ನೆಕ್ಕಿಸುವ ರೂಢಿ ಹಲವು ಮನೆಗಳಲ್ಲಿದೆ. ಬಜೆಯಿಂದ ಮಾತು ಬೇಗ ಬರುವುದೆಂಬುದಕ್ಕೆ ಪುರಾವೆಯಿಲ್ಲ. ಜೇನನ್ನಂತೂ ಒಂದು ವರ್ಷದೊಳಗಿನ ಶಿಶುವಿಗೆ ಕೊಡಲೇಬಾರದು. ಅದರಲ್ಲಿರಬಹುದಾದ ಬೊಟುಲಿಸಂ ಎಂಬ ರೋಗದ ಬೀಜಾಣುಗಳು ಮಗುವಿನ ನುಂಗುವ ಶಕ್ತಿಯನ್ನೇ ಕುಂದಿಸಬಲ್ಲವು. ಅಜ್ಜಿಯ ಅಕ್ಕರೆಯನ್ನು ನೋಯಿಸದೆಯೇ ಇದನ್ನು ಅವರಿಗೆ ತಿಳಿಸಿ ಹೇಳಬಹುದು.

ವರ್ಣಮಾಲೆಯ ನಕ್ಷೆ

ಕನ್ನಡ ಮಾಧ್ಯಮದ ಮಗು ಒಂದನೆಯ ತರಗತಿಯಲ್ಲಿ ಕಲಿಯುವ ವರ್ಣಮಾಲೆ ವಾಸ್ತವವಾಗಿ ಬಾಯಿಯ ನಕ್ಷೆ. ಕವರ್ಗ ಗಂಟಲ ಬಳಿ, ಚವರ್ಗ ಅಂಗುಳದಲ್ಲಿ, ಟವರ್ಗ ನಾಲಗೆ ಮೇಲಕ್ಕೆ ಮಡಚಿದಾಗ, ತವರ್ಗ ಹಲ್ಲಿನ ಹಿಂದೆ, ಪವರ್ಗ ತುಟಿಗಳಲ್ಲಿ. ಹೀಗೆ ಒಳಗಿನಿಂದ ಹೊರಕ್ಕೆ ಕ್ರಮವಾಗಿ ಸಾಗುವ ಈ ಜೋಡಣೆಯನ್ನು ವಾಕ್ ಚಿಕಿತ್ಸಕರೂ ಮೆಚ್ಚುತ್ತಾರೆ. ರಕಾರ, ಳಕಾರ, ಷಕಾರಗಳು ಮಕ್ಕಳಿಗೆ ತಡವಾಗಿ ಒಲಿಯುತ್ತವೆ. ‘ಮರ’ ಎನ್ನಲು ‘ಮಲ’ ಎನ್ನುವ ಮೂರು ವರ್ಷದ ಮಗುವನ್ನು ನಗಬೇಕಾಗಿಲ್ಲ. ಆರು ವರ್ಷ ದಾಟಿದ ಮೇಲೂ ಹಾಗೆಯೇ ಇದ್ದರೆ ಪರೀಕ್ಷಿಸಬೇಕು. ನಾಲಗೆಯ ಅಡಿಯ ತಂತು ಗಿಡ್ಡವಾಗಿದೆಯೆಂದು ಕಂಡ ಮಾತ್ರಕ್ಕೆ ಕತ್ತರಿಸಬೇಕೆಂದೂ ಇಲ್ಲ. ಶಿಶುವಿಗೆ ಎದೆಹಾಲು ಕುಡಿಯಲು ನಿಜವಾಗಿ ತೊಂದರೆಯಾಗುತ್ತಿದೆಯೇ, ಮಗುವಿಗೆ ನಾಲಗೆ ಮೇಲೆತ್ತಲು ಸಾಧ್ಯವೇ ಎಂಬುದನ್ನು ನೋಡಿ ತಜ್ಞರು ತೀರ್ಮಾನಿಸುತ್ತಾರೆ.

ಗಡಿನಾಡಿನ ಹೆತ್ತವರು ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಅರಿತಿರಬೇಕು. ಹಳಗನ್ನಡದ ೞಕಾರ ಕನ್ನಡದಲ್ಲಿ ಮರೆಯಾಗಿ ‘ಮೞೆ’ ‘ಮಳೆ’ಯಾಯಿತು, ಮಲಯಾಳದಲ್ಲಿ ಅದು ಇಂದಿಗೂ ಜೀವಂತ. ಕನ್ನಡ ಮನೆಯ ಮಗು ಮಲಯಾಳದ ಆ ಧ್ವನಿಯನ್ನು ಳಕಾರವಾಗಿ ನುಡಿದರೆ ಅದು ನಾಲಗೆಯ ದೋಷವಲ್ಲ. ತುಳು ಮನೆಯ ಮಗು ಮಹಾಪ್ರಾಣವನ್ನು ಅಲ್ಪಪ್ರಾಣವಾಗಿ ನುಡಿದರೂ ದೋಷವಲ್ಲ. ಉಚ್ಚಾರಣೆಯ ತೊಂದರೆಯನ್ನು ಮಗುವಿನ ಮನೆಮಾತಿನಲ್ಲಿಯೇ ಪರೀಕ್ಷಿಸಬೇಕೆಂಬುದು ಈ ಶಾಸ್ತ್ರದ ಮೂಲ ನಿಯಮ. ಮನೆಯಲ್ಲಿ ಯಾವ ಭಾಷೆ, ಶಾಲೆಯಲ್ಲಿ ಯಾವ ಭಾಷೆ ಎಂಬುದನ್ನು ಚಿಕಿತ್ಸಕರಿಗೆ ಮೊದಲೇ ತಿಳಿಸುವುದು ಹೆತ್ತವರ ಕರ್ತವ್ಯ. ಹಲವು ಭಾಷೆಗಳಿಂದ ನಾಲಗೆ ಗೊಂದಲಗೊಳ್ಳುತ್ತದೆಂದು ಹೆದರಿ ಮನೆಮಾತನ್ನು ಬಿಡಿಸುವುದು ಸಲ್ಲದು. ಕನ್ನಡದಲ್ಲಿಯೇ ಪರೀಕ್ಷೆ ಮತ್ತು ಚಿಕಿತ್ಸೆ ಬೇಕಾದವರಿಗೆ 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ನುಂಗುವುದೇ ಹೋರಾಟವಾದಾಗ

ಇದುವರೆಗೆ ಹೇಳಿದವು ಹೆಚ್ಚಿನ ಮನೆಗಳ ಚಿಕ್ಕಪುಟ್ಟ ಚಿಂತೆಗಳು. ಕಾಸರಗೋಡು ಜಿಲ್ಲೆಯ ಕೆಲವು ಮನೆಗಳಲ್ಲಿ ಒಂದೊಂದು ತುತ್ತೂ ಹೋರಾಟವೇ. ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ, 2000ದ ವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಗಿತ್ತು. ಪೀಡಿತರ ಪಟ್ಟಿಯಲ್ಲಿ ಮಿದುಳಿನ ಪಾರ್ಶ್ವವಾಯುವಿನಿಂದ ಬಳಲುವವರು ಅನೇಕರಿದ್ದಾರೆ. ಈ ಸ್ಥಿತಿಯಲ್ಲಿ ನಾಲಗೆಯ ಸ್ನಾಯುಗಳ ಮೇಲೆ ಹಿಡಿತವಿರುವುದಿಲ್ಲ. ತುತ್ತು ಹೊರಬೀಳುತ್ತದೆ, ಇಲ್ಲವೇ ಶ್ವಾಸಕೋಶಕ್ಕೆ ಜಾರುತ್ತದೆ. ಉಣ್ಣುವಾಗ ಕೆಮ್ಮು, ಉಂಡ ಬಳಿಕ ಗೊರಗೊರ ಧ್ವನಿ, ಮತ್ತೆ ಮತ್ತೆ ಬರುವ ನ್ಯುಮೋನಿಯ, ಅರ್ಧ ಗಂಟೆ ಮೀರಿದರೂ ಮುಗಿಯದ ಊಟ, ಏರದ ತೂಕ ಇವು ಅದರ ಸೂಚನೆಗಳು. ಮಲಗಿಸಿ ಉಣಿಸಬಾರದು, ಬೆನ್ನಿಗೆ ಆಧಾರ ಕೊಟ್ಟು ಕುಳ್ಳಿರಿಸಿ, ಗಲ್ಲವನ್ನು ತುಸು ಕೆಳಗಿರಿಸಿ, ಸ್ವಲ್ಪ ಸ್ವಲ್ಪವೇ ಉಣಿಸಬೇಕು. ನೀರು ಗಂಟಲಿಗೆ ಸಿಕ್ಕುವವರಿಗೆ ಗಂಜಿಯಂತೆ ಮಂದವಾದ ಪಾನೀಯ ಸುಲಭವಾಗಬಹುದು. ಎಷ್ಟು ಮಂದವೆಂಬುದನ್ನು ಚಿಕಿತ್ಸಕರು ಹೇಳಬೇಕು.

ಸುಪ್ರೀಂ ಕೋರ್ಟು 13 ಮೇ 2011ರಂದು ಎಂಡೋಸಲ್ಫಾನನ್ನು ದೇಶದಾದ್ಯಂತ ತಡೆಹಿಡಿಯಿತು. 10 ಜನವರಿ 2017ರಂದು ಪೀಡಿತರಿಗೆ ಮೂರು ತಿಂಗಳೊಳಗೆ ತಲಾ ಐದು ಲಕ್ಷ ರೂಪಾಯಿ ನೀಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿ, ಅವರ ಜೀವಮಾನದ ಚಿಕಿತ್ಸೆಯ ವ್ಯವಸ್ಥೆಯನ್ನೂ ಪರಿಗಣಿಸಬೇಕೆಂದಿತು. ಹಣ ಒಮ್ಮೆ ಬಂದು ಮುಗಿಯುತ್ತದೆ. ತುತ್ತು ದಿನಕ್ಕೆ ಮೂರು ಹೊತ್ತು ಬೇಕು. ಆ ಆದೇಶದ ಎರಡನೆಯ ಭಾಗದ ಬೆಲೆಯನ್ನು ಉಣಿಸುವ ತಾಯಂದಿರೇ ಬಲ್ಲರು.

ಹಕ್ಕು ಮತ್ತು ದಾರಿ

ಹುಟ್ಟಿನಿಂದ ಹದಿನೆಂಟು ವರ್ಷದ ವರೆಗಿನ ಮಕ್ಕಳ ತಪಾಸಣೆಗಾಗಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳುತುಟಿ, ಸೀಳು ಅಂಗುಳ, ಮಾತಿನ ವಿಳಂಬ, ಹಲ್ಲಿನ ತೊಂದರೆಗಳು ಸೇರಿವೆ. ಶಾಲೆಗೆ ಬರುವ ಆರೋಗ್ಯ ತಂಡಕ್ಕೆ ಮಗುವಿನ ತೊಂದರೆಯನ್ನು ತಿಳಿಸಿ, ಮೇಲಿನ ಕೇಂದ್ರಕ್ಕೆ ಕಳುಹಿಸುವಂತೆ ಕೇಳಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಮಿದುಳಿನ ಪಾರ್ಶ್ವವಾಯುವೂ, ಮಾತು ಮತ್ತು ಭಾಷೆಯ ವೈಕಲ್ಯವೂ ಇವೆ. ನಾಲ್ವತ್ತು ಶೇಕಡಾ ಅಥವಾ ಹೆಚ್ಚಿನ ವೈಕಲ್ಯವುಳ್ಳ ಆರರಿಂದ ಹದಿನೆಂಟು ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಿ ಅಥವಾ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ರಾಷ್ಟ್ರೀಯ ನ್ಯಾಸದ ‘ನಿರಾಮಯ’ ಯೋಜನೆಯಲ್ಲಿ ಇಂತಹ ಕೆಲವು ವೈಕಲ್ಯಗಳಿಗೆ ಒಂದು ಲಕ್ಷ ರೂಪಾಯಿ ವರೆಗಿನ ಆರೋಗ್ಯ ವಿಮೆ ದೊರೆಯುತ್ತದೆ.

ಅರ್ಜಿಯನ್ನು ಮಲಯಾಳದಲ್ಲಿ ಬರೆಯಲು ಬಾರದೆಂಬ ಸಂಕೋಚದಿಂದ ಯಾರೂ ಹಿಂಜರಿಯಬೇಕಾಗಿಲ್ಲ. ತನ್ನ ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬರಿಗೂ ನೀಡಿದೆ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣಕ್ಕೆ ಏರ್ಪಾಡು ಮಾಡಬೇಕೆಂದು 350ಎ ವಿಧಿ ಹೇಳುತ್ತದೆ. ಕನ್ನಡ ಶಾಲೆಗಾಗಿ, ಕನ್ನಡ ಬಲ್ಲ ಅಧ್ಯಾಪಕರಿಗಾಗಿ ಗಡಿನಾಡಿನ ರಕ್ಷಕರು ಕೇಳುತ್ತ ಬಂದಿದ್ದಾರೆ. ಕನ್ನಡ ಬಲ್ಲ ವಾಕ್ ಚಿಕಿತ್ಸಕರೂ ಜಿಲ್ಲೆಯಲ್ಲಿ ಬೇಕೆಂಬುದನ್ನು ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಆ ಬೇಡಿಕೆಗಳ ಜೊತೆಗೆ ಸೇರಿಸಬಹುದು. ಮಗುವಿಗೆ ನುಡಿ ಎಷ್ಟು ಮುಖ್ಯವೋ, ಅದನ್ನು ಆಡುವ ನಾಲಗೆಯ ಆರೋಗ್ಯವೂ ಅಷ್ಟೇ ಮುಖ್ಯ.